ಕಕ್ಕೆ ಮರದ ಹೂದಾನಿ

ನಮ್ಮ ಮನೆಗೆ ಬಂದವರೆಲ್ಲ ಮೊದಲು ನೋಡುವುದು ಟಿ.ವಿ. ಪಕ್ಕದ ಆ ಹೂದಾನಿಯನ್ನು. "ಅಬ್ಬಾ, ಎಷ್ಟ್ ಚಂದ ಇತ್ತ್! ಎಲ್ಲಿ ತಂದದ್ದ್?" ಎಂದು ಎತ್ತಿ ತಿರುಗಿಸಿ ನೋಡುತ್ತಾರೆ. ಕೆಂಪು ಬೆರೆತ ಕಂದು ಬಣ್ಣ, ಮುಖ ಕಾಣುವಷ್ಟು ನುಣುಪು, ಉಬ್ಬಿದ ಹೊಟ್ಟೆ, ಸಣ್ಣ ಕುತ್ತಿಗೆ. ಹೊಗಳಬೇಕಾದ್ದೇ. ಆದರೆ ಹೊಗಳಿದವರ ಕೆನ್ನೆಗೆ ಒಂದು ಬಿಡೋಣ ಅನಿಸುತ್ತದೆ ನನಗೆ. ಪಾಪ, ಅವರದೇನು ತಪ್ಪು? ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನು "ಇದ್ ಯಾವ್ ಮರ ಅಮ್ಮ?" ಎಂದು ಕೇಳಿದ್ದಕ್ಕೆ "ನಿಂಗೆ ಬೇರೆ ಮನೆ ಇಲ್ಯಾ? ನಡಿ" ಅಂದುಬಿಟ್ಟೆ. ಅವನು ಹೆದರಿ ಚೀಟಿಗೆ ಸಹಿಯನ್ನೂ ಕೇಳದೆ ಹೋದ.

ನಾನು ಗೋಮತಿ. ಸಾಲಿಗ್ರಾಮದಲ್ಲಿ ಹೆದ್ದಾರಿಗೆ ತಾಗಿಕೊಂಡೇ ನಮ್ಮ ಮನೆ. ಇಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ, ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಮೂರು ಗಂಟೆಗೆ ಮನೆ. ಬಾಯಿ ಜೋರು ಅಂತ ಊರಿಗೇ ಗೊತ್ತು. ನನ್ನ ಗಂಡನ ಹೆಸರು ದಾಮೋದರ. ಮೂವತ್ತನಾಲ್ಕು ವರ್ಷ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸಿದವರು. ನಾನು ಎಷ್ಟು ಜೋರೋ ಅವರು ಅಷ್ಟೇ ಮೆತ್ತಗೆ. ಆಡಬೇಕಾದ ಮಾತನ್ನೆಲ್ಲ ಕೈಯಲ್ಲೇ ಆಡಿ ಮುಗಿಸಿ ಬರುತ್ತಿದ್ದರು, ಮನೆಯಲ್ಲಿ ಉಳಿಯುತ್ತಿದ್ದದ್ದು "ಹ್ಞೂಂ" ಮಾತ್ರ.

ಮದುವೆಯಾಗಿ ಬಂದ ದಿನ ಅತ್ತೆ ನನ್ನಿಂದ ಎರಡು ನಮಸ್ಕಾರ ಮಾಡಿಸಿದರು. ಒಂದು ದೇವರಿಗೆ, ಇನ್ನೊಂದು ಚಾವಡಿಯ ಗೋಡೆಯಲ್ಲಿ ಬಟ್ಟೆಯ ಚೀಲದೊಳಗೆ ನೇತಾಡುತ್ತಿದ್ದ ಮದ್ದಳೆಗೆ. ಅದು ಮಾವ ಬಾರಿಸುತ್ತಿದ್ದ ಮದ್ದಳೆ. ಆಮೇಲೆ ಮಗನ ಕೈಗೆ ಬಂತು. "ಇದ್ ನಿಂಗೆ ಅಕ್ಕ ಇದ್ದಾಂಗೆ" ಎಂದರು ಅತ್ತೆ. ಅಕ್ಕ ಅಲ್ಲ, ಸವತಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆರು ತಿಂಗಳಾದ ಮೇಲೆ ಬಾಯಿಬಿಟ್ಟೇ ಅಂದೆ. ಮತ್ತೇನು? ದೀಪಾವಳಿಗೆ ಮೇಳ ಹೊರಟರೆ ಮಳೆಗಾಲದ ಹೊಸ್ತಿಲಿನವರೆಗೆ ಗಂಡ ಎಂಬವರು ಹಗಲು ನಿದ್ದೆ ಮಾಡುವ ನೆಂಟರು. ಮಗಳು ಹುಟ್ಟಿದ ಸುದ್ದಿ ಬೈಂದೂರಿನ ಆಚೆ ಎಲ್ಲೋ ಬಾರಿಸುತ್ತಿದ್ದವರಿಗೆ ಮಾರನೆಯ ದಿನ ಮುಟ್ಟಿತು. ಬಂದವರು ಮಗುವಿನ ತೊಡೆಯ ಮೇಲೆ ಎರಡು ಬೆರಳು ಮೆಲ್ಲಗೆ ಆಡಿಸಿದರು. "ಅಲ್ಲೂ ಶುರು ಮಾಡಿದ್ರ್ಯಾ?" ಎಂದು ಬಾಣಂತಿ ಹಾಸಿಗೆಯಲ್ಲೇ ಬೈದೆ.

ಹಠ ಮಾಡಿ ನಾನು ಮೇಳದ ಒಂದು ಆಟಕ್ಕೂ ಹೋಗಲಿಲ್ಲ. ಪ್ರತಿ ವರ್ಷ ಇವರು ಕರೆಯುತ್ತಿದ್ದರು. "ಒಂದ್ ಸಲ ಬಂದ್ ಕೂತ್ಕಂಡ್ ಕೇಣ್ ಮಾರಾಯ್ತಿ."

"ನಿಮ್ಮ್ ದೊಡ್ಡ್ ಹೆಂಡ್ತಿ ಮಾತಾಡುದ್ ಕೇಂಬುಕೆ ನಾ ಎಂತಕ್ಕೆ ಬಪ್ದ್?"

ಇವರು ನಗುತ್ತಿದ್ದರು. ಆದರೆ ಮಳೆಗಾಲದಲ್ಲಿ ಆ ಮದ್ದಳೆಯನ್ನು ನೋಡಿಕೊಳ್ಳುತ್ತಿದ್ದವಳು ನಾನೇ. ತೊಗಲಿಗೆ ಬೂಸಲು ಹಿಡಿಯದಂತೆ ಒರೆಸುವುದು, ಬಿಸಿಲು ಬಿದ್ದ ದಿನ ಅಂಗಳದಲ್ಲಿ ಕುರ್ಚಿಯ ಮೇಲಿಟ್ಟು ಬೆಚ್ಚಗೆ ಮಾಡುವುದು, ಚೀಲ ಒಗೆಯುವುದು. ಸವತಿಯ ಸೇವೆ ಮಾಡಿದವಳು ಈ ಪಂಚಾಯತಿಯಲ್ಲಿ ನಾನೊಬ್ಬಳೇ ಇರಬೇಕು.

ಈ ವರ್ಷ ಸಂಕ್ರಾಂತಿ ಕಳೆದು ವಾರವಾಗಿತ್ತು. ಮಧ್ಯಾಹ್ನ ಊಟಕ್ಕೆ ಕೂತಿದ್ದ ಇವರ ಎಡಗೈಯಿಂದ ನೀರಿನ ಲೋಟ ಜಾರಿ ಬಿತ್ತು. "ಎಂತ ಆಯ್ತ್?" ಎಂದು ನಾನು ತಿರುಗುವುದರೊಳಗೆ ಇವರೂ ಆ ಕಡೆಗೇ ವಾಲಿದ್ದರು. ಮಣಿಪಾಲದಲ್ಲಿ ಹದಿನಾಲ್ಕು ದಿನ. ಜೀವ ಉಳಿಯಿತು, ಮಾತು ಉಳಿಯಿತು, ಕೋಲು ಹಿಡಿದು ನಡೆಯುವಷ್ಟು ಕಾಲೂ ಬಂತು. ಎಡಗೈ ಮಾತ್ರ ಬರುವುದು ಕಷ್ಟ, ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು.

ಮದ್ದಳೆಗೆ ಎರಡು ಮುಖ, ಎರಡು ಕೈ ಬೇಕು. ಇದನ್ನು ಯಾರೂ ಇವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದವರು ಕುರ್ಚಿಯನ್ನು ಆ ಗೋಡೆಯ ಎದುರಿಗೇ ಹಾಕಿಸಿಕೊಂಡು ಕೂತುಬಿಟ್ಟರು. ಚೀಲ ನೋಡುವುದು, ಕಣ್ಣಲ್ಲಿ ನೀರು. "ಅದನ್ನ್ ಒಳಗಿಡ್ಲಾ?" ಎಂದು ಕೇಳಿದೆ. "ಬ್ಯಾಡ, ಅಲ್ಲೇ ಇರ್ಲಿ" ಎಂದರು.

ಕುಂದಾಪುರದಿಂದ ಸ್ವಾತಿ ಎಂಬ ಹುಡುಗಿ ವಾರಕ್ಕೆ ಮೂರು ದಿನ ಸ್ಕೂಟರಿನಲ್ಲಿ ಬಂದು ಕೈಕಾಲಿನ ವ್ಯಾಯಾಮ ಮಾಡಿಸುತ್ತಿದ್ದಳು. ಒಂದು ಹಳದಿ ರಬ್ಬರ್ ಚೆಂಡು ಕೊಟ್ಟು ಅದನ್ನು ಒತ್ತಿ ಒತ್ತಿ ಎನ್ನುತ್ತಿದ್ದಳು. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಅವಳು ಬರುವ ಹೊತ್ತಿಗೆ ನಾನು ಅನ್ನದ ಹಂಡೆಯ ಮುಂದೆ. ಫೋನಿನಲ್ಲಿ ಕೇಳಿದರೆ "ನಿಧಾನಕ್ಕೆ ಆತ್ತ್ ಅಮ್ಮ" ಎನ್ನುವಳು. ನಿಧಾನ ಎಂದರೆ ಎಷ್ಟು ನಿಧಾನ? ನನ್ನೆದುರು ಆ ಕೈ ಒಂದು ದಿನವೂ ಅಲುಗಲಿಲ್ಲ. ತೊಡೆಯ ಮೇಲೆ ಬಿದ್ದುಕೊಂಡಿರುತ್ತಿತ್ತು. ಶರ್ಟಿನ ತೋಳಿಗೆ ನಾನೇ ತೂರಿಸುತ್ತಿದ್ದೆ.

ಚೌತಿ ಕಳೆದ ಮೇಲೆ ಬ್ರಹ್ಮಾವರದಿಂದ ಮಗಳು ರಮ್ಯಶ್ರೀ ಬಂದಳು. ಅವಳ ಮನೆಯ ಹತ್ತಿರ ಒಬ್ಬ ಪಂಡಿತರು ಇಪ್ಪತ್ತೊಂದು ದಿನ ಎಣ್ಣೆ ತಿಕ್ಕಿ ಚಿಕಿತ್ಸೆ ಮಾಡುತ್ತಾರಂತೆ, ಅಪ್ಪಯ್ಯನನ್ನು ಕರೆದುಕೊಂಡು ಹೋಗುತ್ತೇನೆ ಎಂದಳು. ಕಾರು ಹತ್ತುವ ಮುಂಚೆ ಇವರು ಬಾಗಿಲಲ್ಲಿ ನಿಂತು ಹಿಂದೆ ತಿರುಗಿದರು.

"ಗೋಮತಿ, ಮದ್ಲೆ ಚೀಲ ಬಿಚ್ಚೂಕ್ ಹೋಯ್‌ಬೇಡ. ಹಾಂಗೇ ಇರ್ಲಿ."

"ಆಯ್ತ್ ಮಾರಾಯ್ರೆ, ನಿಮ್ಮ್ ಹೆಂಡ್ತಿನ್ನ್ ನಾ ಎಂತ ತಿಂತಿಲ್ಲೆ" ಎಂದೆ.

ದುಃಖಕ್ಕೆ ಹಾಗೆ ಹೇಳುತ್ತಾರೆ ಎಂದುಕೊಂಡೆ. ಮೂರು ದಿನ ಬಿಟ್ಟು ಭಾನುವಾರ ಒಳ್ಳೆಯ ಬಿಸಿಲು ಬಂತು. ಈ ಮಳೆಗಾಲ ಇವರನ್ನು ನೋಡಿಕೊಳ್ಳುವುದರಲ್ಲಿ ಅದನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಎಷ್ಟು ವರ್ಷದ ಅಭ್ಯಾಸ, ಕೈ ಕೇಳಬೇಕಲ್ಲ? ಚೀಲ ಇಳಿಸಿ ಬಿಚ್ಚಿದೆ. ಎಡಗಡೆಯ ತೊಗಲು ನಾಲ್ಕು ಬೆರಳಿನಷ್ಟು ಉದ್ದ ಹರಿದು ಬಾಯಿ ಬಿಟ್ಟುಕೊಂಡಿತ್ತು.

ಅದನ್ನು ಮಡಿಲಿಗೆ ಹಾಕಿಕೊಂಡು ಅಂಗಳದಲ್ಲೇ ಕೂತೆ.

ಮದ್ದಳೆಯ ತೊಗಲು ಹರಿಯುವುದು ಹೊಸತಲ್ಲ. ಈ ತೊಗಲಿಗೆ ಮುಚ್ಚಿಗೆ ಎನ್ನುತ್ತಾರೆ, ವರ್ಷಕ್ಕೊಮ್ಮೆ ಹರಿದದ್ದೂ ಇದೆ, ಹೊಸತು ಹಾಕಿಸಿದ್ದೂ ಇದೆ. ಆದರೆ ಮಾವ ಒಂದು ಮಾತು ಹೇಳುತ್ತಿದ್ದರು. ಬಾರಿಸುವಾಗ ಹರಿದರೆ ಅದು ಲೆಕ್ಕಕ್ಕಿಲ್ಲ, ಬೇರೆ ಮುಚ್ಚಿಗೆ ಹಾಕಿದರಾಯಿತು. ಗೋಡೆಯಲ್ಲಿ ತೂಗಿದ ಮದ್ದಳೆ ಯಾರ ಕೈಯೂ ಸೋಕದೆ ತಾನಾಗಿ ಹರಿದರೆ ಮಾತ್ರ ಅದು ತನ್ನನ್ನು ಬಾರಿಸಿದವನನ್ನು ಕರೆಯುತ್ತಿದೆ ಎಂದು ಅರ್ಥ. ಮಾವನ ಗುರುಗಳ ಮದ್ದಳೆ ಹಾಗೆ ಹರಿದು ಮೂರನೆಯ ವಾರಕ್ಕೆ ಗುರುಗಳು ಹೋದರಂತೆ. ಅಂಥದ್ದಕ್ಕೆ ಹೊಸ ತೊಗಲು ಹಾಕಬಾರದು, ಇನ್ನೊಬ್ಬರ ಕೈಗೆ ಕೊಡಬಾರದು. ಹೊಳೆಗೆ ಬಿಡಬೇಕು, ಇಲ್ಲವೇ ಅದು ಮದ್ದಳೆಯಾಗಿ ಉಳಿಯದಂತೆ ಮಾಡಬೇಕು.

ಎಂಟು ತಿಂಗಳಿಂದ ಯಾರೂ ಮುಟ್ಟದ ಮದ್ದಳೆ. ಗಂಡ ಅರ್ಧ ಜೀವ. ಇದನ್ನು ನೋಡಿ ನಾನು ಇನ್ನೇನು ತಿಳಿಯಬೇಕಿತ್ತು? ಒಂದು ಫೋನ್ ಮಾಡಬಹುದಿತ್ತು ಎಂದು ಈಗ ನೀವು ಹೇಳುತ್ತೀರಿ, ನಾನೂ ದಿನಕ್ಕೆ ನೂರು ಸಲ ಹೇಳಿಕೊಳ್ಳುತ್ತೇನೆ. ಎಣ್ಣೆ ಹಚ್ಚಿಕೊಂಡು ಮಲಗಿದ ಮನುಷ್ಯನಿಗೆ ಫೋನ್ ಮಾಡಿ "ನಿಮ್ಮ ಮದ್ದಳೆ ನಿಮ್ಮನ್ನು ಕರೆಯುತ್ತಿದೆ" ಎಂದು ಯಾವ ಬಾಯಲ್ಲಿ ಹೇಳಲಿ? ಮಗಳಿಗೆ ಹೇಳಿದರೆ ಅವಳು ಅಪ್ಪನಿಗೆ ಹೇಳದೆ ಇರುವವಳಲ್ಲ. ಯಾರಿಗೂ ಹೇಳಲಿಲ್ಲ. ನನ್ನ ಗಂಡ ನನಗೆ ಉಳಿಯಬೇಕು, ಅಷ್ಟೇ ಇದ್ದದ್ದು ನನ್ನ ತಲೆಯಲ್ಲಿ.

ಹೊಳೆಗೆ ಬಿಡಲು ಮನಸ್ಸು ಬರಲಿಲ್ಲ. ಎಷ್ಟೆಂದರೂ ಮೂವತ್ತೊಂದು ವರ್ಷ ಜೊತೆಗೆ ಸಂಸಾರ ಮಾಡಿದ ಸವತಿ. ಆಗ ನೆನಪಾದದ್ದು ಬಸ್ರೂರಿನ ಸುಧಾಕರ. ಹಳೆಯ ಮರವನ್ನು ಹುಡುಕಿ ತಂದು ಕಡೆದು ಹೂದಾನಿ ಮಾಡುವವನು. ನಮ್ಮ ಹೆಡ್‌ಮಾಸ್ಟರ್ ಪ್ರೇಮಾನಂದ ಮಾಸ್ಟ್ರು ನಿವೃತ್ತಿಯಾದಾಗ, ಕೆಡವಿದ ಹಳೆಯ ಶಾಲೆಯ ಮಾಡಿಗೆ ಹಾಕಿದ್ದ ಪಕ್ಕಾಸಿನ ಮರದಿಂದಲೇ ಅವನ ಹತ್ತಿರ ಒಂದು ಹೂದಾನಿ ಮಾಡಿಸಿ ಕೊಟ್ಟಿದ್ದೆವು. ಮಾಸ್ಟ್ರು ಅದನ್ನು ಎದೆಗೊತ್ತಿಕೊಂಡು ಅತ್ತಿದ್ದರು. ಹಾಗೇ ಮಾಡಿಸಿದರಾಯಿತು ಅನಿಸಿತು. ಮರ ಮನೆಯಲ್ಲೇ ಉಳಿಯುತ್ತದೆ, ಮದ್ದಳೆಯಾಗಿ ಉಳಿಯುವುದಿಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಶಾಲೆಗೆ ರಜೆ ಹಾಕಿ, ಮದ್ದಳೆಯನ್ನು ಅಕ್ಕಿ ಚೀಲಕ್ಕೆ ತುಂಬಿಸಿ ಬಸ್ ಹತ್ತಿದೆ. ತೊಡೆಯ ಮೇಲಿಟ್ಟುಕೊಂಡಿದ್ದೆ. ಕಂಡಕ್ಟರ್ "ಎಂತ ಅಮ್ಮ, ಕುಂಬ್ಳಕಾಯಾ?" ಎಂದು ಕೇಳಿದ. "ಹ್ಞೂಂ" ಅಂದೆ. ಕುಂದಾಪುರದಲ್ಲಿ ಇಳಿದು ಬಸ್ರೂರಿನ ಬಸ್ ಹಿಡಿದೆ.

ಸುಧಾಕರನ ಕೊಟ್ಟಿಗೆಯಲ್ಲಿ ಕಾಲಿಡಲು ಜಾಗವಿಲ್ಲ. ಗಂಗೊಳ್ಳಿಯಿಂದ ತಂದ ಒಡೆದ ದೋಣಿಯ ಹಲಗೆ, ಗಾಡಿ ಚಕ್ರದ ಗುಂಭ, ತೊಟ್ಟಿಲಿನ ಕಾಲು, ಯಾರದೋ ಮನೆಯ ಬಾಗಿಲಿನ ದಾರಂದ. ನಲವತ್ತೈದರ ಆಸುಪಾಸಿನ ಮನುಷ್ಯ, ಮೈಯೆಲ್ಲ ಮರದ ಪುಡಿ. ಚೀಲದಿಂದ ಮದ್ದಳೆ ತೆಗೆದದ್ದೇ ಅವನು ಕೈ ಒರೆಸಿಕೊಂಡು ಕಣ್ಣಿಗೊತ್ತಿಕೊಂಡ. ನಾನು ಬಂದ ಕೆಲಸ ಹೇಳಿದೆ. ಅವನು ಮದ್ದಳೆಯ ಮರದ ಗೂಡನ್ನು ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿ ನೋಡಿದ.

"ಅಮ್ಮ, ಇದ್ ಕಕ್ಕೆ ಮರ. ಕಲ್ಲ್ ಇದ್ದಾಂಗ್ ಇತ್ತ್. ಇಂಥಾ ಮರ ಈಗ ಹುಡ್ಕಿರೂ ಸಿಕ್ಕುದಿಲ್ಲೆ. ಒಂದ್ ಮುಚ್ಚಿಗೆ ಹರ್ದದ್ದ್ ಅಷ್ಟೇ ಅಲ್ದಾ? ಹಾಕ್ಸಿರೆ ಇನ್ನ್ ಐವತ್ ವರ್ಷ ಬತ್ತ್."

"ನಂಗ್ ಮುಚ್ಚಿಗೆ ಬ್ಯಾಡ. ಹೂದಾನಿ ಬೇಕ್."

"ಯಜಮಾನ್ರಿಗೆ ಗೊತ್ತಿತ್ತಾ?"

"ನಿಂಗೆ ಅವ್ರ್ ಸುದ್ದಿ ಎಂತಕ್ಕೆ? ಮಾಡ್ತ್ಯಾ, ಬೇರೆಯವ್ರ್ ಹತ್ರ ಹೋಯ್ಕಾ?"

ಅವನು ಮದ್ದಳೆಯನ್ನು ಎತ್ತಿಕೊಂಡ. ಈಗಲೇ ನನ್ನೆದುರೇ ಮಾಡು ಎಂದು ಸ್ಟೂಲಿನ ಮೇಲೆ ಕೂತೆ. ಎದ್ದು ಹೋದರೆ ಮನಸ್ಸು ಬದಲಾದೀತು ಎಂಬ ಭಯ ನನಗೆ. ಅವನು ಬಾರುಗಳನ್ನು ಕತ್ತರಿಸಿದ, ಎರಡೂ ಕಡೆಯ ತೊಗಲು ತೆಗೆದ. ಖಾಲಿ ಗೂಡನ್ನು ಎರಡು ಮರದ ಬಿಲ್ಲೆಗಳ ನಡುವೆ ಬಿಗಿದು ಮೋಟರು ಹಾಕಿದ. ಗೂಡು ಗಿರ್ರನೆ ತಿರುಗತೊಡಗಿತು. ಉಳಿ ತಾಗಿಸಿದ್ದೇ ಮೇಲಿನ ಕಪ್ಪು ಸಿಪ್ಪೆ ಸುರುಳಿ ಸುರುಳಿಯಾಗಿ ನನ್ನ ಕಾಲ ಮೇಲೆ ಬಿತ್ತು. ಮಾವನ ಕೈ, ಇವರ ಕೈ, ಎರಡು ತಲೆಮಾರಿನ ಬೆವರು ಹಿಡಿದು ಕಪ್ಪಾದ ಮರ. ಅದು ಹೋದ ಮೇಲೆ ಒಳಗಿನಿಂದ ಕೆಂಪು ಎದ್ದು ಬಂತು, ನಿಜಕ್ಕೂ ಚಂದದ ಕೆಂಪು. ಹೇಳಬಾರದು, ಆದರೂ ಹೇಳುತ್ತೇನೆ. ಆಗ ನನಗೆ ಒಂಚೂರು ಖುಷಿಯಾಯಿತು. ಇಷ್ಟು ವರ್ಷ ನನ್ನ ಗಂಡನನ್ನು ಅರ್ಧ ಇಟ್ಟುಕೊಂಡವಳು ಕಡೆಗೂ ನನ್ನ ಕೈಗೆ ಸಿಕ್ಕಳು ಅನಿಸಿತು.

ಸುಧಾಕರ ಮೋಟರು ನಿಲ್ಲಿಸಿದ. ಗೂಡಿನ ಒಂದು ತುದಿಯಲ್ಲಿ ಐದು ಬೆರಳು ಅಳೆದು ಪೆನ್ಸಿಲ್ ಗೀಟು ಹಾಕಿದ. "ಇಲ್ಲಿ ಕತ್ರಿಸ್ಕ್ ಅಮ್ಮ. ಇಲ್ಲಿವರಿಗ್ ಮಾಡಿದ್ದಕ್ ಎಂತ ತೊಂದ್ರಿ ಇಲ್ಲೆ, ಮತ್ತೆ ಮದ್ಲೆ ಮಾಡ್ಲಕ್ಕ್. ಕತ್ರಿಸಿರೆ ಮುಗಿತ್. ನಿಲ್ಸುದಾ?"

ನಿಲ್ಲಿಸು ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಕತ್ರಿಸ್" ಎಂದೆ.

ನಾಲ್ಕು ದಿನ ಬಿಟ್ಟು ಹೋಗಿ ತಂದೆ. ಕುತ್ತಿಗೆಗೂ ತಳಕ್ಕೂ ಹಳೆಯ ಪಕ್ಕಾಸಿನ ಮರ ಕೂರಿಸಿ, ಅರಗು ಮತ್ತು ಜೇನುಮೇಣ ಹಚ್ಚಿ ಹೊಳೆಯುವ ಹಾಗೆ ಮಾಡಿದ್ದ. "ನೀರ್ ಹಾಕ್ಬೇಡಿ, ಮರ ಬಿರಿತ್ತ್. ಒಣ ಹೂವೋ ಪ್ಲಾಸ್ಟಿಕ್ ಹೂವೋ ಇಡಿ" ಎಂದ. ಬರುವಾಗ ಕುಂದಾಪುರದಲ್ಲಿ ಹಳದಿ ಪ್ಲಾಸ್ಟಿಕ್ ಹೂವು ತಗೊಂಡೆ. ಮನೆಗೆ ಬಂದು ಖಾಲಿ ಮದ್ದಳೆ ಚೀಲಕ್ಕೆ ಒಂದು ಹಳೆಯ ದಿಂಬು ತುರುಕಿ ಗೋಡೆಗೆ ತೂಗಿದೆ. ದೀಪಾವಳಿ ಕಳೆಯಲಿ, ಇವರು ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ನಿಧಾನಕ್ಕೆ ಹೇಳಿದರಾಯಿತು. ಅಂದು ಮಧ್ಯಾಹ್ನ ಎಷ್ಟೋ ತಿಂಗಳಿನ ನಂತರ ಹೊಟ್ಟೆ ತುಂಬಾ ಉಂಡೆ. ಗಂಡನನ್ನು ಯಮನ ಬಾಯಿಂದ ಎಳೆದು ತಂದೆ ಎಂಬ ಧೈರ್ಯ.

ನವರಾತ್ರಿಗೆ ಮಗಳು ಇವರನ್ನು ತಂದು ಬಿಟ್ಟಳು. ಮುಖದಲ್ಲಿ ಕಳೆ ಬಂದಿತ್ತು. ಚಾವಡಿಗೆ ಬಂದವರು ಮೊದಲು ಚೀಲ ನೋಡಿದರು, ಇದ್ದಲ್ಲೇ ಇದೆ ಎಂದು ಸಮಾಧಾನವಾದ ಹಾಗೆ ಕಂಡಿತು. ಆಮೇಲೆ ಹೂದಾನಿ ನೋಡಿದರು. ಹತ್ತಿರ ಹೋಗಿ ಬಲಗೈಯಿಂದ ಮೆಲ್ಲಗೆ ಸವರಿದರು.

"ಕಕ್ಕೆ ಮರ. ಎಲ್ಲಿ ತಂದದ್ದ್?"

"ಶಾಲೆಯವ್ರ್ ಕೊಟ್ರ್. ಬಸ್ರೂರ್ ಸುಧಾಕರ ಮಾಡಿದ್ದಂಬ್ರ್."

"ಕೈ ಇತ್ತ್ ಅವ್ನಿಗೆ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮಾರನೆಯ ಬೆಳಿಗ್ಗೆ ಕದಿರು ಕಟ್ಟುವುದು. ಹೊಸ ಬತ್ತದ ತೆನೆಯನ್ನು ಮಾವಿನೆಲೆ, ಹಲಸಿನೆಲೆ, ಬಿದಿರೆಲೆಯ ಜೊತೆ ನಾರಿನಲ್ಲಿ ಸುತ್ತಿ ಬಾಗಿಲಿಗೆ, ತುಳಸಿಗೆ, ಬಾವಿಗೆ, ಕಡೆಯುವ ಕಲ್ಲಿಗೆ, ಮನೆಯಲ್ಲಿ ದುಡಿಯುವ ಎಲ್ಲ ವಸ್ತುವಿಗೂ ಕಟ್ಟುತ್ತೇವೆ. ನೆರೆಯ ಚಂದಯ್ಯ ಶೆಟ್ಟರ ಗದ್ದೆಯಿಂದ ತೆನೆ ತಂದು ಮೊರದಂಥ ಗೆರಸಿಯಲ್ಲಿಟ್ಟು ಪೂಜೆಯಾಯಿತು. ಇವರು ಜಗಲಿಯಲ್ಲಿ ಕೂತು ತೆನೆ ಸುತ್ತುತ್ತೇನೆ ಎಂದರು. ಒಂದು ಕೈಯಲ್ಲಿ ಏನು ಸುತ್ತುತ್ತಾರೆ, ಆಸೆಪಟ್ಟರಲ್ಲ, ಕೂರಲಿ ಎಂದು ನಾನು ಇನ್ನಷ್ಟು ಎಲೆ ತರಲು ಹಿತ್ತಲಿಗೆ ಹೋದೆ.

ತಿರುಗಿ ಬಂದವಳು ಮೆಟ್ಟಿಲಲ್ಲೇ ನಿಂತೆ. ತೆನೆಯ ಕಟ್ಟನ್ನು ಹಿಡಿದದ್ದು ಎಡಗೈ. ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಗಟ್ಟಿ ಹಿಡಿದಿತ್ತು. ಬಲಗೈ ನಾರು ಸುತ್ತುತ್ತಿತ್ತು. ಗಂಟು ಹಾಕುವಾಗ ಎಡಗೈ ನಾರಿನ ತುದಿಯನ್ನು ಎಳೆಯಿತು.

"ಅಯ್ಯೋ ದೇವರೇ! ಕೈ! ನಿಮ್ಮ್ ಕೈ ಕಾಣಿ!"

ಎಲೆಯೆಲ್ಲ ಚೆಲ್ಲಿ ಓಡಿಹೋಗಿ ಆ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತೆ. ಇವರು ನಗುತ್ತಿದ್ದರು. ಎಂಟು ತಿಂಗಳಲ್ಲಿ ಕಾಣದ ನಗು.

"ಮರ್ಕಬೇಡ ಮಾರಾಯ್ತಿ. ದೀಪಾವಳಿಗ್ ಹೇಳುವ ಅಂದೇಳಿ ಇದ್ದೆ. ತಡೂಕ್ ಆಯ್ಲೆ."

"ಹ್ಯಾಂಗ್ ಬಂತ್? ಎಣ್ಣೆ ತಿಕ್ಕಿದ್ದಕ್ಕಾ?"

"ಎಣ್ಣೆ ಅಲ್ಲ. ನಿನ್ನ್ ಸವತಿ ಬರ್ಸಿದ್ದ್."

ನನಗೆ ಅರ್ಥವಾಗಲಿಲ್ಲ. ಇವರು ಹೇಳುತ್ತಾ ಹೋದರು. ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಕೇಳಿದ್ದೇ ಅಂದು. ಚೆಂಡು ಒತ್ತಿದರೆ ಬೆರಳು ಬರಲಿಲ್ಲವಂತೆ. ಕೈಗೆ ಗೊತ್ತಿರುವ ಕೆಲಸವನ್ನೇ ಕೊಟ್ಟು ನೋಡೋಣ ಎಂದು ಸ್ವಾತಿ ಜೂನ್‌ನಲ್ಲಿ ಮದ್ದಳೆ ಇಳಿಸಿ ಮಡಿಲಲ್ಲಿ ಇಟ್ಟಳಂತೆ. ನಾನು ಶಾಲೆಗೆ ಹೋದ ಮೇಲೆ ಅವಳು ಬಂದ ದಿನವೆಲ್ಲ ಬಲಗೈಯಲ್ಲಿ ಬಾರಿಸುವುದು, ಎಡಗೈಯನ್ನು ತೊಗಲಿನ ಮೇಲೆ ಸುಮ್ಮನೆ ಇಡುವುದು, ಹೋಗುವಾಗ ಅವಳೇ ಚೀಲಕ್ಕೆ ಹಾಕಿ ಗೋಡೆಗೆ ತೂಗುವುದು. ಒಂದು ತಿಂಗಳಿಗೆ ಉಂಗುರದ ಬೆರಳು ಎದ್ದಿತು. ಆಮೇಲೆ ಮತ್ತೊಂದು. ಹೆದ್ದಾರಿಯ ಲಾರಿಗಳ ಗದ್ದಲದಲ್ಲಿ ನೆರೆಯವರಿಗೂ ಕೇಳಲಿಲ್ಲ. ನನ್ನೆದುರು ಮಾತ್ರ ಕೈ ಅಲುಗಿಸದೆ ಇರುವುದು ಭಾರಿ ಕಷ್ಟವಾಯಿತಂತೆ.

"ಎಂತಕ್ಕ್ ಹೇಳ್ಲಿಲ್ಲೆ?" ಎಂದೆ.

"ನೀ ಯಾವತ್ತೂ ಕೇಣ್ಲಿಲ್ಲ ಅಲ್ದಾ? ಪೂರ್ತಿ ಬಂದ್ ಮೇಲೆ ಒಂದಿನ ಇಲ್ಲೇ ಎದುರ್ಗ್ ಕೂರ್ಸಿ ಕೇಣ್ಸುವ ಅಂದೇಳಿ." ಕದಿರಿನ ಕಟ್ಟು ಎತ್ತಿ ತೋರಿಸಿದರು. "ಇದ್ ಅವ್ಳಿಗೇ ಕಟ್ಟಿದ್ದ್. ಅವ್ಳನ್ನ್ ತಾ. ಬೈಬೇಡ ಆಯ್ತಾ, ಎಡ ಮುಚ್ಚಿಗೆ ಹರ್ದ್ ಹೋಯ್ತ್. ಶ್ರುತಿ ಮಾಡುಕೆ ಅಂಚಿಗ್ ಬಡಿವ ಕಲ್ಲ್ ಎಡಗೈಯಲ್ಲೇ ಹಿಡ್ದೆ. ಹಿಡೂಕೆ ಆಯ್ತಲ್ದಾ ಅಂದೇಳಿ ಸೊಕ್ಕ್! ಕಲ್ಲ್ ಜಾರಿ ಮುಚ್ಚಿಗೆ ಸೀಳ್ತ್. ಬ್ರಹ್ಮಾವರಕ್ಕೆ ಹೋಪ ಹಿಂದಿನ್ ದಿನ. ಅದಕ್ಕೇ ಚೀಲ ಬಿಚ್ಚಬೇಡ ಅಂದದ್ದ್."

ಭೂಮಿ ಬಾಯಿ ಬಿಡಬಾರದಿತ್ತೇ ಎನ್ನುತ್ತಾರಲ್ಲ, ಅದು ಬಿಡುವುದಿಲ್ಲ. ನಾನು ಎದ್ದು ಒಳಗೆ ಹೋದೆ. ಚೀಲದ ಕಡೆ ನೋಡಲಿಲ್ಲ. ಹೂದಾನಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಇವರ ಮುಂದಿಟ್ಟೆ.

"ಇದ್ ಎಂತಕ್ಕೆ? ಮದ್ಲೆ ತಾ ಅಂದದ್ದ್."

"ಇದೇ" ಎಂದೆ.

ಇವರು ನನ್ನ ಮುಖ ನೋಡಿದರು, ಹೂದಾನಿ ನೋಡಿದರು. ಪ್ಲಾಸ್ಟಿಕ್ ಹೂವುಗಳನ್ನು ತೆಗೆದು ಪಕ್ಕಕ್ಕಿಟ್ಟು ಬಲಗೈಯ ಬೆರಳುಗಳನ್ನು ಒಳಗೆ ಇಳಿಸಿದರು. ಸುಧಾಕರ ಹೊರಗಡೆ ಮಾತ್ರ ಕಡೆದಿದ್ದ. ಒಳಗೆ ಹಳೆಯ ಉಳಿಯ ಏಟುಗಳು ಹಾಗೇ ಇದ್ದವು. ಬೆರಳು ಅಲ್ಲಿ ನಿಧಾನಕ್ಕೆ ಒಂದು ಸುತ್ತು ಹೋಯಿತು. ಆಮೇಲೆ ಕೈ ಹೊರಗೆ ತೆಗೆದರು.

ನಾನು ಮಾವನ ಮಾತು ಹೇಳಿದೆ, ಕರೆಯುವುದು ಹೇಳಿದೆ, ನನ್ನ ಭಯ ಹೇಳಿದೆ. ಅಳುತ್ತಾ ತೊದಲುತ್ತಾ ಎಲ್ಲ ಹೇಳಿದೆ. ಇವರು ಪೂರ್ತಿ ಕೇಳಿದರು.

"ತಾನಾಗಿ ಹರ್ದದ್ದಲ್ಲ ಗೋಮತಿ" ಎಂದರು. "ನಾ ಬಾರ್ಸಿ ಹರ್ದದ್ದ್."

"ಬೈಯಿನಿ ನಂಗೆ. ಎರಡ್ ಬಿಡಿ ಕೆನ್ನಿಗೆ. ಎಂತಾರೂ ಮಾಡಿ ಮಾರಾಯ್ರೆ."

ಬೈಯಲಿಲ್ಲ. ಬೈಯಲು ಬರುವವರಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕದಿರನ್ನು ಹೂದಾನಿಯ ಕುತ್ತಿಗೆಗೆ ಇಟ್ಟು ನನ್ನ ಕಡೆ ನೂಕಿ, "ನೀನೇ ಕಟ್ಟ್" ಎಂದರು. ಎಡಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಕೋಲು ಹಿಡಿದು ಎದ್ದು ಒಳಗೆ ಹೋದರು.

ಅಂದಿನಿಂದ ಆ ಕೈಯಲ್ಲಿ ಚೆಂಡಿಲ್ಲ. ಸುಧಾಕರನಿಗೆ ಫೋನ್ ಮಾಡಿದೆ. ಅವನು ಓಡಿ ಬಂದು ಇವರ ಕಾಲು ಮುಟ್ಟಿದ. ಎಲ್ಲಿಂದಾದರೂ ಕಕ್ಕೆ ಮರ ಹುಡುಕಿ ಹೊಸ ಗೂಡು ಕಡೆದು ಕೊಡುತ್ತೇನೆ ಎಂದ. "ನಿಂದೆಂತ ತಪ್ಪಿಲ್ಲೆ, ಕೆಲ್ಸ ಚಂದ ಆಯ್ತ್" ಎಂದು ಇವರು ಅವನನ್ನೇ ಸಮಾಧಾನ ಮಾಡಿ ಕಳಿಸಿದರು. ಮೇಳದ ಚೆಂಡೆಯ ಶೇಖರ ತನ್ನ ಮನೆಯಲ್ಲಿದ್ದ ಒಂದು ಮದ್ದಳೆ ತಂದುಕೊಟ್ಟ. ಇವರು ಅದನ್ನು ಮಡಿಲಲ್ಲಿಟ್ಟು ಬಲಗೈಯಲ್ಲಿ ಎರಡು ಸಲ ತಟ್ಟಿದರು. ಎಡಗೈ ಮೇಲೇಳಲಿಲ್ಲ. "ಇದ್ರಲ್ಲಿ ಕೈಗೆ ದಾರಿ ಗೊತ್ತಾತಿಲ್ಲೆ ಶೇಖರ. ತಕಂಡ್ ಹೋಗ್" ಎಂದರು. ದೀಪಾವಳಿಗೆ ಮೇಳ ಹೊರಟಿತು. ಸ್ವಾತಿ ಬರುತ್ತಾಳೆ, ಬೆರಳು ಹಿಡಿದು ಬಿಡಿಸುತ್ತಾಳೆ, ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು "ಅಮ್ಮ, ಅವ್ರ್ ಮನಸ್ಸ್ ಮಾಡ್ತಿಲ್ಲೆ. ಹೀಂಗೇ ಬಿಟ್ರೆ ಬೆರಳ್ ಮತ್ತೆ ಗಟ್ಟಿಯಾತ್ತ್" ಎನ್ನುತ್ತಾಳೆ. ಅವಳೂ ಅಳುತ್ತಾಳೆ.

ಹೂದಾನಿಯನ್ನು ಒಳಗಿಡಲು ಹೋದರೆ ಇವರು ಬಿಡುವುದಿಲ್ಲ. ಅಲ್ಲೇ ಇರಲಿ ಎನ್ನುತ್ತಾರೆ. ಮದ್ದಳೆಗೂ ಹೀಗೇ ಅಂದಿದ್ದರು.

ನಿನ್ನೆ ಭಾನುವಾರ. ಮಧ್ಯಾಹ್ನ ಊಟವಾಗಿ ಇವರು ಚಾವಡಿಯಲ್ಲಿ ಕೂತಿದ್ದರು. ತಡೆಯಲಾಗಲಿಲ್ಲ ನನಗೆ. ಇವರ ಎದುರು ನೆಲದ ಮೇಲೆ ಕೂತೆ. ಆ ಎಡಗೈಯನ್ನು ನನ್ನ ಎರಡೂ ಕೈಯಲ್ಲಿ ತೆಗೆದುಕೊಂಡು ನನ್ನ ಮೊಣಕಾಲ ಮೇಲೆ ಇಟ್ಟುಕೊಂಡೆ.

"ಬಾರ್ಸಿ" ಎಂದೆ. "ನನ್ನ್ ಮೇಲೇ ಬಾರ್ಸಿ. ಕೂತಿದ್ದೆ ಕಾಣಿ, ಕೇಂತೆ. ಒಂದೇ ಒಂದ್ ಸಲ."

ಇವರು ನನ್ನನ್ನೇ ನೋಡಿದರು. ಕೋಪವಿರಲಿಲ್ಲ. ನಾನು ಬೆರಳುಗಳನ್ನು ಒಂದೊಂದಾಗಿ ಎತ್ತಿ ಮೊಣಕಾಲಿಗೆ ತಾಗಿಸಿದೆ, ಮಗುವಿಗೆ ಆಟ ಕಲಿಸಿದ ಹಾಗೆ. ಎರಡು ಸಲ, ಮೂರು ಸಲ. ನಾಲ್ಕನೆಯ ಸಲಕ್ಕೆ ಬೆರಳು ಬಿಗಿಯಿತು. ಬಂತು ಎಂದುಕೊಂಡೆ.

ಇವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ನಾನು ಬಿಡದೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದೆ. ನನ್ನಿಂದ ಬಿಡಿಸಿಕೊಂಡು ಹೋಗುವಷ್ಟು ಬಲ ಆ ಕೈಯಲ್ಲಿ ಇನ್ನೂ ಇತ್ತು.